12:40ಕ್ಕೆ ಮುಚ್ಚುವ ಕಂಟ್ರೋಲ್

"ಗೆದ್ರೆ ಏನ್ ಕೊಡ್ತಾರೆ?" ಸೈಕಲ್ಲಿನಲ್ಲಿ ಇನ್ನೂರು ಕಿಲೋಮೀಟರ್ ಹೋಗಿ ಬರುತ್ತೇನೆ ಅಂದಾಗ ಅಮ್ಮ ಕೇಳಿದ್ದು ಇದೊಂದೇ. ಫ್ಯಾಕ್ಟರಿಯಲ್ಲಿ ಜೊತೆ ಕೆಲಸ ಮಾಡುವವರ ಪ್ರಶ್ನೆಯೂ ಇದೇ. ಹೆಲ್ಮೆಟ್ ಹಾಕಿಕೊಂಡು ಹತ್ತಾರು ಜನ ಒಟ್ಟಿಗೆ ಹೊರಟರೆ ಅದು ರೇಸು, ರೇಸು ಅಂದಮೇಲೆ ಒಬ್ಬರು ಗೆಲ್ಲಬೇಕು ಎಂದೇ ಎಲ್ಲರ ಎಣಿಕೆ. ದೂರದ ಸೈಕ್ಲಿಂಗ್‌ನಲ್ಲಿ ಹಲವು ಬಗೆಗಳಿವೆ, ಅವುಗಳಲ್ಲಿ ಒಂದರಲ್ಲಿ ಗೆಲುವು ಅನ್ನುವುದೇ ಇಲ್ಲ ಎಂದು ವಿವರಿಸಲು ಹೊರಟರೆ ಮಾತು ಉದ್ದವಾಗುತ್ತದೆ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ತುಮಕೂರು ರಸ್ತೆಯ ಮಾಕಳಿಯಲ್ಲಿ ನಮ್ಮ ಮನೆ, ಪೀಣ್ಯದ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ಕೆಲಸ. ಅಳತೆ ತೆಗೆಯುವುದೇ ನನ್ನ ಕಸುಬು. ಯಾವ ಸೈಕಲ್ ಇವೆಂಟ್ ಆದರೂ ನಾನು ಮೊದಲು ನೋಡುವುದು ಎರಡನ್ನು: ಅಲ್ಲಿ ಗಡಿಯಾರಕ್ಕೆ ಏನು ಕೆಲಸ, ದಾರಿಯಲ್ಲಿ ತೊಂದರೆಯಾದರೆ ಯಾರು ನೋಡಿಕೊಳ್ಳುತ್ತಾರೆ.

ರೇಸಿನಲ್ಲಿ ಗಡಿಯಾರ ಮೈಕ್ರೋಮೀಟರಿನಂತೆ, ಸೆಕೆಂಡಿನ ಚೂರನ್ನೂ ಬಿಡುವುದಿಲ್ಲ. ಗುಂಪು ರೇಸಿನಲ್ಲಿ ಮುಂದಿನವರ ಚಕ್ರಕ್ಕೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳಬಹುದು. ಟೈಮ್ ಟ್ರಯಲ್‌ನಲ್ಲಿ ಒಬ್ಬೊಬ್ಬರನ್ನೇ ಬಿಡುತ್ತಾರೆ, ಗಾಳಿಯನ್ನೆಲ್ಲ ತಾವೇ ಸೀಳಬೇಕು. ನಮ್ಮ ರಾಜ್ಯದಲ್ಲಿ ರೇಸಿನ ತವರು ಬೆಂಗಳೂರಲ್ಲ, ವಿಜಯಪುರ, ಬಾಗಲಕೋಟೆ, ಗದಗದ ಕಡೆ. ಅಲ್ಲಿನ ಹಳ್ಳಿಯ ಹುಡುಗ ಹುಡುಗಿಯರು ಕ್ರೀಡಾ ವಸತಿ ನಿಲಯ ಸೇರಿ, ರಾಷ್ಟ್ರೀಯ ಪದಕದವರೆಗೂ ಹೋಗುತ್ತಾರೆ. ಅವರ ಪಾಲಿಗೆ ಪದಕ ಅಂದರೆ ರೈಲ್ವೆಯಲ್ಲೋ ಸೇನೆಯಲ್ಲೋ ಕೆಲಸ, ಮನೆಗೆ ಸಂಬಳ. ಬೆಂಗಳೂರಿನ ಕೆಲವರು ರೇಸು ಅಂದರೆ ಮೂಗು ಮುರಿಯುತ್ತಾರೆ. ಆ ಮಕ್ಕಳ ಬದುಕನ್ನು ನೆನೆದರೆ ಹಾಗೆ ಮಾತಾಡಲು ನನಗೆ ಬಾಯಿ ಬರುವುದಿಲ್ಲ.

ಇನ್ನು ಬ್ರೆವೆ, ಗೊತ್ತುಮಾಡಿದ ದೂರವನ್ನು ಗೊತ್ತುಮಾಡಿದ ಹೊತ್ತಿನೊಳಗೆ ಮುಗಿಸುವ ಸವಾರಿ. ಫ್ರಾನ್ಸಿನಿಂದ ಬಂದದ್ದು, ನಾನು ಓಡಿಸುವುದೂ ಇದನ್ನೇ. ಫ್ಯಾಕ್ಟರಿಯಲ್ಲಿ ಕೊರೆದ ತೂತು ಸರಿಯಿದೆಯೇ ಎಂದು ನೋಡಲು ಗೋ–ನೋಗೋ ಗೇಜ್ ಹಾಕುತ್ತೇವೆ. ಒಂದು ತುದಿ ಒಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಅಷ್ಟಾದರೆ ಪಾಸ್, ಎಷ್ಟು ಚೆನ್ನಾಗಿದೆ ಎಂದು ಅದು ಹೇಳುವುದಿಲ್ಲ. ಬ್ರೆವೆಯ ಗಡಿಯಾರವೂ ಹಾಗೇ. ಮಾಕಳಿಯಿಂದ ಶಿರಾಕ್ಕೆ ಹೋಗಿ ಬಂದರೆ ಹತ್ತಿರಹತ್ತಿರ 200 ಕಿ.ಮೀ. ಬೆಳಗ್ಗೆ 6ಕ್ಕೆ ಹೊರಟು 100 ಕಿ.ಮೀ.ಗೆ ಒಂದು ಕಂಟ್ರೋಲ್, ಅಂದರೆ ಸವಾರರ ಕಾರ್ಡಿನಲ್ಲಿ ಹೊತ್ತು ಬರೆದು ಸೀಲು ಒತ್ತುವ ಜಾಗ, ಇಟ್ಟರೆ ಅದು ತೆರೆಯುವುದು 8:56ಕ್ಕೆ, ಮುಚ್ಚುವುದು 12:40ಕ್ಕೆ. ಗಂಟೆಗೆ 34 ಕಿ.ಮೀ.ಗಿಂತ ಜೋರಾಗಿ ಹೋದವರು ಬಾಗಿಲಲ್ಲಿ ಕಾಯಬೇಕು, 15ಕ್ಕಿಂತ ನಿಧಾನವಾದರೆ ಬಾಗಿಲು ಮುಚ್ಚಿರುತ್ತದೆ. ಇಡೀ 200ಕ್ಕೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ನಾಲ್ಕನ್ನೂ ಒಂದೇ ಋತುವಿನಲ್ಲಿ ಮುಗಿಸಿದವರನ್ನು ಸೂಪರ್ ರಾಂದನರ್, ನಮ್ಮ ಬಾಯಲ್ಲಿ ಎಸ್‌ಆರ್, ಅನ್ನುತ್ತಾರೆ. ಫಲಿತಾಂಶದಲ್ಲಿ ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಸ್ಥಾನ ಅಂತ ಇಲ್ಲ. ಹೆಂಗಸರಿಗೆ ಬೇರೆ ದೂರ, ಬೇರೆ ಲೆಕ್ಕ ಇಲ್ಲ. ಅದೇ ಕಾರ್ಡು, ಅದೇ ಹೊತ್ತು.

ಕಂಟ್ರೋಲಿನಲ್ಲಿ ಸ್ವಯಂಸೇವಕಿಯಾಗಿ ಕೂತರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಹೋಟೆಲಿನ ಮುಂದೆ ಒಂದು ಪ್ಲಾಸ್ಟಿಕ್ ಕುರ್ಚಿ, ಸೀಲು, ಇಂಕ್ ಪ್ಯಾಡು. ಒಮ್ಮೆ ಅರವತ್ತು ದಾಟಿದ ಹಿರಿಯರೊಬ್ಬರು ಸೈಕಲ್ ನಿಲ್ಲಿಸಿ ಬೆನ್ನಿನ ಜೇಬಿನಿಂದ ಕಾರ್ಡ್ ತೆಗೆದರು. ಪ್ಲಾಸ್ಟಿಕ್ ಕವರಿನಲ್ಲಿಟ್ಟಿದ್ದರೂ ಅಂಚು ಬೆವರಿಗೆ ಮೆತ್ತಗಾಗಿತ್ತು. 11:52 ಎಂದು ಬರೆದು, ಸೀಲು ಒತ್ತಿ, ಸಹಿ ಹಾಕಿದೆ.

"ಎಷ್ಟು ಟೈಮ್ ಇದೆಯಮ್ಮಾ?"

"ನಲವತ್ತೆಂಟು ನಿಮಿಷ ಇದೆ ಸರ್. ಮೊಸರನ್ನ ತಿಂದು, ಐದು ನಿಮಿಷ ಕಾಲು ಚಾಚಿ ಹೋಗಿ."

ರೇಸಿನಲ್ಲಿ ಇಂಥ ಮಾತಿಗೆ ಜಾಗವಿಲ್ಲ. ಬ್ರೆವೆಯಲ್ಲಿ ಉಳಿಸಿಕೊಂಡ ನಿಮಿಷ ಊಟಕ್ಕೆ, ಪಂಕ್ಚರ್‌ಗೆ, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲಿನ ನಿದ್ದೆಗೆ. ಯಾರೂ ಇಲ್ಲದ ಕಂಟ್ರೋಲ್ ಆದರೆ ಅಂಗಡಿಯ ಬಿಲ್ಲು ಅಥವಾ ಎಟಿಎಂ ಚೀಟಿಯೇ ಸಾಕ್ಷಿ. ಕಂಟ್ರೋಲ್‌ಗಳ ನಡುವೆ ಮನೆಯವರು ಕಾರಿನಲ್ಲಿ ಹಿಂದೆ ಬಂದು ನೀರು ಕೊಡುವಂತಿಲ್ಲ. ಟ್ಯೂಬು, ಪಂಪು, ದೀಪ ಎಲ್ಲ ನಮ್ಮ ಹೊರೆ. ಮುಂದೆ ಹಿಂದೆ ಲೈಟು, ಬೆಳಕಿಗೆ ಹೊಳೆಯುವ ಜಾಕೆಟ್ ಇಲ್ಲದವರನ್ನು ರಾತ್ರಿಯ ರಸ್ತೆಗೆ ಬಿಡುವುದಿಲ್ಲ. ನಮ್ಮ ಹೆದ್ದಾರಿಯ ಲಾರಿ ಸಂಚಾರ ಕಂಡವರಿಗೆ ಇದು ಯಾಕೆಂದು ಹೇಳಬೇಕಾಗಿಲ್ಲ.

ಇದರ ಅಣ್ಣನಂಥ ಇನ್ನೊಂದು ಬಗೆ ಇದೆ, ಆಡಾಕ್ಸ್. ಟೂರ್ ದ ಫ್ರಾನ್ಸ್ ಶುರುಮಾಡಿದ ಆನ್ರಿ ದೆಗ್ರಾಂಜ್, ಇಟಲಿಯವರನ್ನು ನೋಡಿ 1904ರಲ್ಲಿ ಫ್ರಾನ್ಸಿನಲ್ಲಿ ಇದನ್ನು ಆರಂಭಿಸಿದ. ಇಲ್ಲಿ ಎಲ್ಲರೂ ಒಂದೇ ಗುಂಪು, ಮುಂದೆ ಕ್ಯಾಪ್ಟನ್, ಗಂಟೆಗೆ 22.5 ಕಿ.ಮೀ. ವೇಗ, ಕ್ಯಾಪ್ಟನ್ನನ್ನು ಯಾರೂ ದಾಟುವಂತಿಲ್ಲ. ದೆಗ್ರಾಂಜನ ಜೊತೆ ಮನಸ್ತಾಪ ಬಂದು, ಆಡಾಕ್ಸ್ ಕ್ಲಬ್ ಪರೀಸಿಯನ್ 1921ರಲ್ಲಿ "ಅವರವರ ವೇಗಕ್ಕೆ ಅವರವರು" ಎಂಬ ಬ್ರೆವೆ ತಂದಿತು. ಇಂದು ಜಗತ್ತಿನ ಬ್ರೆವೆಗಳಿಗೆ ಮುದ್ರೆ ಒತ್ತುವುದು ಅದೇ ಕ್ಲಬ್ಬು. ಇವೆಲ್ಲಕ್ಕೂ ಕಳಶದಂತಿರುವ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಹುಟ್ಟಿದ್ದು 1891ರಲ್ಲಿ, ರೇಸಾಗಿ. ಶಾರ್ಲ್ ತೆರೋಂ 71 ಗಂಟೆ 22 ನಿಮಿಷದಲ್ಲಿ ಗೆದ್ದ. ಈಗ ಅದೂ ಬ್ರೆವೆಯೇ. ನಾಲ್ಕು ವರ್ಷಕ್ಕೊಮ್ಮೆ, ಸುಮಾರು 1,200 ಕಿ.ಮೀ., ಹೆಚ್ಚೆಂದರೆ 90 ಗಂಟೆ. ನಮ್ಮ ರಸ್ತೆಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಕೊಲ್ಲಾಪುರಕ್ಕೆ ಹೋಗಿ ಬಂದಷ್ಟು. ಕರ್ನಾಟಕದವರೂ ಅಲ್ಲಿಗೆ ಹೋಗಿ ಮುಗಿಸಿ ಬಂದಿದ್ದಾರೆ.

ರೇಸು, ಬ್ರೆವೆ ಆದಮೇಲೆ ಮೂರನೆಯದು ಟೂರ್. 2008ರ ಡಿಸೆಂಬರಿನಲ್ಲಿ ಬೆಂಗಳೂರಿನವರು ಶುರುಮಾಡಿದ ಟೂರ್ ಆಫ್ ನೀಲಗಿರೀಸ್ ಇದರ ಹೆಸರಾಂತ ಮಾದರಿ. ದಿನಕ್ಕೆ ಇಷ್ಟು ಎಂದು ಓಡಿಸಿ ಸಂಜೆ ಹೋಟೆಲ್ ಸೇರುವುದು. ಬ್ಯಾಗು ವ್ಯಾನಿನಲ್ಲಿ, ಮೆಕ್ಯಾನಿಕ್ಕೂ ವೈದ್ಯರೂ ಜೊತೆಗೇ. ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವು. ಅಂಥ ಕಡೆ ಪಂದ್ಯ ಬೇಕೆನ್ನುವವರಿಗೆ ಸಮಯ ಹಿಡಿಯುತ್ತಾರೆ, ಬೇಡದವರು ಕಾಡು ನೋಡುತ್ತಾ ಹತ್ತುತ್ತಾರೆ. ಮೊದಲ ಸಲ ದೂರ ಹೊರಡುವವರಿಗೆ ಇಷ್ಟು ಆಸರೆ ದೊಡ್ಡದು. ಆದರೆ ವಾರಪೂರ್ತಿ ರಜೆ ಬೇಕು, ಖರ್ಚೂ ಜಾಸ್ತಿ.

ಈ ರಜೆಯ ಲೆಕ್ಕದಲ್ಲೇ ನನ್ನ ಪಕ್ಷಪಾತ ಇರುವುದು. ಸಾಫ್ಟ್‌ವೇರಿನವರಿಗೆ ಶನಿವಾರ ಭಾನುವಾರ ಎರಡೂ ಸಿಗುತ್ತವೆ. ಶನಿವಾರ ಬೆಳಗ್ಗೆ 6ಕ್ಕೆ 600 ಶುರುಮಾಡಿದರೆ ಭಾನುವಾರ ರಾತ್ರಿ 10ರ ತನಕ ಅವಕಾಶ. ಪೀಣ್ಯದಲ್ಲಿ ನಮ್ಮಂಥವರಿಗೆ ಶನಿವಾರವೂ ಕೆಲಸ. ಆದರೂ 200 ಒಂದೇ ಭಾನುವಾರದಲ್ಲಿ ಮುಗಿಯುತ್ತದೆ, ಸಂಜೆ 7:30ರ ಗಡುವು, ಮಾರನೆಯ ದಿನ ಮೊದಲ ಶಿಫ್ಟಿಗೆ ಹಾಜರಾಗಬಹುದು. ಲಕ್ಷ ರೂಪಾಯಿಯ ಸೈಕಲ್ಲೂ ಬೇಕಿಲ್ಲ. 300 ಆದಾಗ ರಾತ್ರಿ 2ರವರೆಗೂ ರಸ್ತೆಯಲ್ಲಿರಬೇಕಾಗಿ ಬರಬಹುದು. ಆ ಹೊತ್ತಿನಲ್ಲಿ ಹೆಣ್ಣುಮಕ್ಕಳಿಗೆ ರಸ್ತೆಗಿಂತ ಕಷ್ಟ ಶೌಚಾಲಯದ್ದು. ಕಂಟ್ರೋಲನ್ನು ರಾತ್ರಿಯಿಡೀ ತೆರೆದಿರುವ, ದೀಪವಿರುವ, ಶುಚಿಯಾದ ಹೋಟೆಲಿನಲ್ಲೇ ಇಡಿ ಎಂದು ಸಂಘಟಕರಿಗೆ ನಾನು ಹೇಳುತ್ತಲೇ ಇರುತ್ತೇನೆ. ಹಾಗೆ ಇಟ್ಟ ಕಡೆ ಬರುವ ಹೆಂಗಸರೂ ಹೆಚ್ಚುತ್ತಾರೆ.

ಈಗ ಫ್ಯಾಕ್ಟರಿಯಲ್ಲಿ ಇಬ್ಬರು ಹುಡುಗಿಯರು "ಅಕ್ಕಾ, ನಾವೂ ಬರ್ತೀವಿ" ಅನ್ನುತ್ತಿದ್ದಾರೆ. ಮೊದಲು ಡಾಬಸ್‌ಪೇಟೆಗೆ, ಆಮೇಲೆ ತುಮಕೂರಿಗೆ ಹೋಗಿ ಬನ್ನಿ ಎಂದಿದ್ದೇನೆ. ತುಮಕೂರಿನದು ಹೋಗಿ ಬರಲು ಸುಮಾರು ನೂರು ಕಿಲೋಮೀಟರ್, ಅರ್ಧ ಬ್ರೆವೆ. ಪಂಕ್ಚರ್ ಹಾಕುವುದನ್ನು ಮುಂದಿನ ಭಾನುವಾರ ನಮ್ಮ ಮನೆಯ ಮುಂದೆಯೇ ಕಲಿಸುತ್ತೇನೆ.