ಹೆದ್ದಾರಿ ನೀರು ಹೊಂಡಕ್ಕೆ, ಕೆರೆ ಮಣ್ಣು ಹೆದ್ದಾರಿಗೆ

ನಮ್ಮೂರ ಪಕ್ಕ ನಾಲ್ಕು ಪಥದ ಹೆದ್ದಾರಿ ಆದ ಮೇಲೆ ಮಳೆನೀರಿನ ದಾರಿಯೇ ಬದಲಾಯ್ತು. ಮೊದಲು ಹೊಲಗಳ ಮೇಲೆ ಹರಡಿಕೊಂಡು ಇಳೀತಿದ್ದ ನೀರು ಈಗ ರಸ್ತೆ ಏರಿಗೆ ತಡೆದು ನಿಂತು, ಒಂದೇ ಮೋರಿಯಲ್ಲಿ ನುಗ್ಗುತ್ತದೆ. ಮೋರಿ ಬಾಯಿಗೆ ಸಿಕ್ಕ ನನ್ನ ಹೊಲದಲ್ಲಿ ಎರಡೇ ಮಳೆಗಾಲಕ್ಕೆ ಎದೆಮಟ್ಟ ಕೊರಕಲು ಬಿತ್ತು. ಆಚೆ ಕಡೆಯವರ ಶೇಂಗಾ ನೀರು ನಿಂತು ಕೊಳೀತು. ಬಾವಿಗೆ ಮಾತ್ರ ಹನಿ ಇಲ್ಲ.

ಟೋಲ್ ಕಂಪನಿಯವರು ಊರಿಗೆ ಏನು ಮಾಡಿಸಲಿ ಅಂತ ಕೇಳಿದರೆ ನಾವು ಬಸ್ ನಿಲ್ದಾಣ, ಶಾಲೆಗೆ ಸುಣ್ಣಬಣ್ಣ ಅಂತೇವೆ. ಅದೂ ಬೇಕು ಅನ್ನಿ. ಆದರೆ ಅವರ ಕೈಯಲ್ಲಿರೋದು ಅದಕ್ಕಿಂತ ದೊಡ್ಡದು: ಡಾಂಬರಿನ ಮೇಲೆ ಬೀಳೋ ನೀರು.

ಲೆಕ್ಕ ಹಾಕಿ ನೋಡಿ. ರಸ್ತೆ ಅಗಲ ಸುಮಾರು 20 ಮೀಟರ್ ಅಂತ ಹಿಡಿದರೆ ಒಂದು ಕಿಲೋಮೀಟರಿಗೆ 20,000 ಚದರ ಮೀಟರ್, ಅಂದರೆ ಐದು ಎಕರೆ ಡಾಂಬರು. 5 ಸೆಂಟಿಮೀಟರ್ ಮಳೆ ಬಿದ್ದರೆ 10 ಲಕ್ಷ ಲೀಟರ್. ಎರಡು ಪಾಲು ಅಲ್ಲಿ ಇಲ್ಲಿ ಹೋದರೂ 8 ಲಕ್ಷ ಸಿಗುತ್ತೆ. 21 ಮೀಟರ್ ಚೌಕದ, 3 ಮೀಟರ್ ಆಳದ ಇಳಿಜಾರು ಬದಿಯ ಕೃಷಿಹೊಂಡಕ್ಕೆ ಹಿಡಿಯೋದೇ ಸುಮಾರು 10 ಲಕ್ಷ. ಒಂದು ಒಳ್ಳೆ ಮಳೆಗೆ ಹೊಂಡ ಮುಕ್ಕಾಲು ತುಂಬಿತು!

ಕೆಲಸವೂ ಭಾರಿಯದ್ದಲ್ಲ. ಮೋರಿ ಬಾಯಲ್ಲಿ ದಪ್ಪ ಕಲ್ಲು ಹಾಸಿ ನೀರಿನ ರಭಸ ಮುರಿಯಬೇಕು. ಅಲ್ಲಿಂದ ಕಡಿಮೆ ಇಳುಕಲಿನ ಕಾಲುವೆ, ನಡುವೆ ಹೂಳು ಕೂರೋಕೆ ಒಂದು ಸಣ್ಣ ಗುಂಡಿ, ಆಮೇಲೆ ಹೊಂಡ. ಹೊಂಡ ತುಂಬಿದ ಮೇಲೆ ನೀರು ಹಳ್ಳಕ್ಕೆ ಹೋಗಲು ಕೋಡಿ ಬಿಡೋದನ್ನ ಮರೀಬಾರದು. ಹೊಂಡ ರಸ್ತೆ ಏರಿಯಿಂದ ದೂರ ಇರಲಿ, ಬುಡ ನೆನೆದರೆ ರಸ್ತೆ ಕುಸಿಯುತ್ತೆ. ಮೊದಲ ಮಳೆಯಲ್ಲಿ ಎಣ್ಣೆ, ಟೈರಿನ ಕಸ ಬರುತ್ತೆ, ಅದನ್ನ ಹೊರಗೆ ಬಿಡಬೇಕು. ಕುಡಿಯೋ ನೀರಿನ ಬಾವಿಗಂತೂ ಈ ನೀರು ಸೇರಿಸಬೇಡಿ.

ಇದು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಇಥಿಯೋಪಿಯಾದ ಟಿಗ್ರೇ ನಮ್ಮಂಥದ್ದೇ ಒಣಸೀಮೆ. ಅಲ್ಲಿ 2014ರ ಸುಮಾರಿನಿಂದ ಮೋರಿ ನೀರನ್ನ ಹೊಂಡಕ್ಕೆ, ಇಂಗುಗುಂಡಿಗೆ ತಿರುಗಿಸೋ ಕೆಲಸ ದೊಡ್ಡದಾಗಿ ನಡೀತು. ರಸ್ತೆಗೆ ಮಣ್ಣು ತೆಗೆದ ಗುಂಡಿಗಳನ್ನೂ ಹೊಂಡ ಮಾಡಿಕೊಂಡರು. ಕೀನ್ಯಾದ ಮಕುವೇನಿ ಕಡೆ ರೈತರು ರಸ್ತೆ ಬದಿ ನೀರನ್ನ ನೇರ ಹೊಲದ ಬದುಗಳಿಗೇ ಬಿಟ್ಟುಕೊಳ್ತಾರೆ.

ಇನ್ನು ಮಣ್ಣು. ರಸ್ತೆ ಏರಿಸಲು ಗುತ್ತಿಗೆದಾರರು ಸಿಕ್ಕಲ್ಲಿ ಅಗೆದು ಗುಂಡಿ ಬಿಟ್ಟು ಹೋಗ್ತಾರೆ. ಅದೇ ಮಣ್ಣನ್ನ ಕೆರೆಯಿಂದ ತೆಗೆದರೆ? ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯಲ್ಲಿ ಹಾಗೇ ಮಾಡಿದರು, ಕೆರೆ-ನಾಲೆ ಆಳ ಮಾಡಿ ಹೆದ್ದಾರಿಗೆ ಮಣ್ಣು ಒಯ್ದರು. ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಲ್ಲಿ ಶುರು ಮಾಡಿದ ಅಮೃತ ಸರೋವರ ಯೋಜನೆಯಲ್ಲೂ ಅಗೆದ ಮಣ್ಣನ್ನ ರಸ್ತೆಗೆ, ರೈಲುಮಾರ್ಗಕ್ಕೆ ಬಳಸೋ ಮಾತಿತ್ತು.

ಇಲ್ಲಿ ನಾವು ಎಚ್ಚರ ಇರಬೇಕು. ಮೇಲಿನ ಕರಿ ಹೂಳು ರಸ್ತೆಗೆ ಆಗಿಬರಲ್ಲ, ಉಬ್ಬಿ ಬಿರಿಯುತ್ತೆ. ಅದು ನಮ್ಮ ಹೊಲಕ್ಕೆ ಬರಲಿ. ಅವರಿಗೆ ಬೇಕಾದ್ದು ಕೆಳಗಿನ ಗರಸು. ಹಾಗಂತ ಅಂಗಳ ಪೂರ್ತಿ ಗರಸಿನವರೆಗೆ ಬಗೆಯೋಕೆ ಬಿಟ್ಟರೆ ಅಂಟುಮಣ್ಣಿನ ತಳ ಹೋಗಿ ಕೆರೆಯಲ್ಲಿ ನೀರೇ ನಿಲ್ಲಲ್ಲ. ಒಂದು ಮೂಲೆಯಲ್ಲಿ ಮಾತ್ರ ಆಳ ತೆಗೆಯಲಿ, ಏರಿ ಬುಡಕ್ಕೆ ಕೈಹಾಕೋದು ಬೇಡ.

ಇದರಲ್ಲಿ ಕಂಪನಿಗೂ ಲಾಭ ಇದೆ. ಏರಿ ಪಕ್ಕ ನೀರು ನಿಂತರೆ, ಮೋರಿ ಬಾಯಿ ಕೊರೆದರೆ ರಿಪೇರಿ ಖರ್ಚು ಅವರದ್ದೇ. ನಾನು ಅರ್ಜಿ ಬರೆದಾಗ ನನ್ನ ಬೆಳೆ ಹಾಳಾಯ್ತು ಅಂತಷ್ಟೇ ಬರೆದೆ, ಉತ್ತರ ಬರಲಿಲ್ಲ. ಮೋರಿಯ ಕಾಂಕ್ರೀಟು ತೊಳೆದುಹೋಗಿದ್ದರ ಫೋಟೋ ಇಟ್ಟು, ಪಂಚಾಯ್ತಿ ಠರಾವು ಲಗತ್ತಿಸಿ ಕೊಟ್ಟಾಗ ಇಂಜಿನಿಯರ್ ತಾವೇ ಬಂದರು. ಕಲ್ಲು ಹಾಸಿಕೊಟ್ಟಿದ್ದಾರೆ. ಕಾಲುವೆ, ಹೊಂಡ ನನ್ನ ಜಾಗದಲ್ಲಿ ನಾನೇ ತೆಗೆಸಿದೆ. ನಿಮ್ಮಲ್ಲಿ ರಸ್ತೆ ಇನ್ನೂ ಅಳತೆ ಹಂತದಲ್ಲಿದ್ದರೆ ಈಗಲೇ ಹೋಗಿ, ನೀರು ಹರಿಯೋ ಜಾಗಗಳನ್ನ ಅವರಿಗೆ ತೋರಿಸಿ. ಕಾಂಕ್ರೀಟು ಬಿದ್ದ ಮೇಲೆ ಮೋರಿಯ ಜಾಗ ಬದಲಿಸೋಕೆ ಯಾರೂ ಒಪ್ಪಲ್ಲ.