ಕಾಡಿಗೂ ಒಂದು ಅರ್ಜಿ

ಕಾಡು ಎಂದೊಡನೆ ನಮ್ಮ ಹಿರಿಯರಿಗೆ ನೆನಪಾಗುತ್ತಿದ್ದುದು ವನವಾಸ. ಮನೆ ಬಿಟ್ಟು, ಊರು ಬಿಟ್ಟು, ನಾರುಡೆಯುಟ್ಟು ಹೋಗುವ ಕಷ್ಟದ ತಾಣ ಅದು. ಈಗಿನ ಮಕ್ಕಳಾದರೋ ಅಲ್ಲಿಗೆ ತಾವಾಗಿಯೇ ಅರ್ಜಿ ಹಾಕಿಕೊಂಡು ಹೊರಡುತ್ತಿದ್ದಾರೆ! ಪ್ರಾಣಿಶಾಸ್ತ್ರವನ್ನೋ ಸಸ್ಯಶಾಸ್ತ್ರವನ್ನೋ ಓದುವ ಹುಡುಗ ಹುಡುಗಿಯರು ರಜೆಯ ಎರಡು ತಿಂಗಳು, ಇಲ್ಲವೆ ಪದವಿ ಮುಗಿದ ಮೇಲೆ ಒಂದಷ್ಟು ಕಾಲ, ವನ್ಯಜೀವಿಗಳ ಸಂರಕ್ಷಣೆಗೆ ದುಡಿಯುವ ಸಂಸ್ಥೆಗಳಲ್ಲಿ ಸೇರಿ ಕೆಲಸ ಕಲಿಯುತ್ತಾರೆ. ಇದಕ್ಕೆ ಇಂಟರ್ನ್‌ಶಿಪ್ ಎಂದು ಹೆಸರು.

ಇತ್ತೀಚೆಗೆ ನಮ್ಮ ಪರಿಚಯದ ಗೃಹಸ್ಥರೊಬ್ಬರು ಪಾನಗಲ್ ಪಾರ್ಕಿನ ಬಳಿ ಸಿಕ್ಕಿ, "ಮಗಳು ಕಡಲಾಮೆ ಕಾಯಲು ಹೋಗುತ್ತಾಳಂತೆ ರಾಯರೇ. ಪುಣ್ಯದ ಕೆಲಸವೇ, ಬೇಡ ಎನ್ನಲಾರೆ. ಆದರೆ ಅದಕ್ಕೆ ಅವರು ಏನಾದರೂ ಕೊಡುತ್ತಾರೋ, ನಾವೇ ಕೊಡಬೇಕೋ?" ಎಂದು ಕೇಳಿದರು. ಕೇಳಿದವರಿಗೆ ಇದು ಜಿಪುಣತನವಾಗಿ ಕಂಡೀತು. ಟಿ. ನಗರದಲ್ಲಿ ಮನೆ ಬಾಡಿಗೆ ಕಟ್ಟಿ, ಒಂದೇ ಸಂಬಳದಲ್ಲಿ ಇಬ್ಬರು ಮಕ್ಕಳನ್ನು ಓದಿಸುವವರಿಗೆ ಮಾತ್ರ ಈ ಪ್ರಶ್ನೆಯ ಭಾರ ಗೊತ್ತು. ಆದಕಾರಣ ಈ ವಿಷಯವನ್ನು ವಾಚಕರ ಮುಂದಿಡಬೇಕೆಂದು ನಮಗೆ ತೋರಿತು.

ಮೊದಲು ಕಡಲಾಮೆಗಳ ವಿಷಯ. ನಮ್ಮ ಚೆನ್ನೈ ಕರಾವಳಿಗೆ ಪ್ರತಿವರ್ಷ ಜನವರಿಯಿಂದ ಆಲಿವ್ ರಿಡ್ಲೆ ಜಾತಿಯ ಆಮೆಗಳು ರಾತ್ರಿ ದಡಕ್ಕೆ ಬಂದು ಮರಳಿನಲ್ಲಿ ಗುಂಡಿ ತೋಡಿ ನೂರರಷ್ಟು ಮೊಟ್ಟೆಯಿಟ್ಟು ಹೋಗುತ್ತವೆ. 1988ರಲ್ಲಿ ಆರಂಭವಾದ ವಿದ್ಯಾರ್ಥಿಗಳ ಕಡಲಾಮೆ ಸಂರಕ್ಷಣಾ ಜಾಲದವರು ನೀಲಾಂಕರೈನಿಂದ ಬೆಸೆಂಟ್ ನಗರದವರೆಗೆ ರಾತ್ರಿಯೆಲ್ಲ ಮರಳಿನ ಮೇಲೆ ನಡೆದು, ನಾಯಿ ನರಿಗಳ ಪಾಲಾಗುವ ಮೊಟ್ಟೆಗಳನ್ನು ಎತ್ತಿ ತಂದು, ಬೇಲಿ ಕಟ್ಟಿದ ಜಾಗದಲ್ಲಿ ಹೂಳುತ್ತಾರೆ. ಒಂದೂವರೆ ಎರಡು ತಿಂಗಳಲ್ಲಿ ಮರಿಗಳು ಹೊರಬರುತ್ತವೆ. ಅವನ್ನು ಕಡಲಿಗೆ ಬಿಡುತ್ತಾರೆ. ಮರಳಿನ ಶಾಖ ಎಷ್ಟೆಂಬುದರ ಮೇಲೆ ಮರಿ ಗಂಡೋ ಹೆಣ್ಣೋ ಎಂಬುದು ತೀರ್ಮಾನವಾಗುತ್ತದೆಂಬುದು ಸೃಷ್ಟಿಯ ಸೋಜಿಗ! 2025ರ ಜನವರಿಯಲ್ಲಿ ಇದೇ ದಡಕ್ಕೆ ನೂರಾರು ಆಮೆಗಳು ಸತ್ತು ಬಂದು ಬಿದ್ದವು. ಟ್ರಾಲರ್ ಬಲೆಗೆ ಸಿಕ್ಕ ಆಮೆ ಉಸಿರಿಗಾಗಿ ಮೇಲೆ ಬರಲಾರದೆ ಸಾಯುತ್ತದೆ. ಆಗ ಈ ಕೆಲಸದ ಅಗತ್ಯ ಎಷ್ಟೆಂಬುದು ಊರಿಗೆಲ್ಲ ತಿಳಿಯಿತು. ಆದರೆ ಮರಳಿನ ಮೇಲಿನ ಈ ನಡಿಗೆಗೆ ಸಂಬಳವಿಲ್ಲ, ಇದು ಸೇವೆ. ವಾರಕ್ಕೊಂದು ರಾತ್ರಿ ನಡೆದು ಬೆಳಗ್ಗೆ ಮನೆಗೆ ಬಂದು ಮಲಗುವ ಹುಡುಗಿಗೆ ಇದರಿಂದ ನಷ್ಟವೇನಿಲ್ಲ, ಕಲಿಯುವುದು ಬೇಕಾದಷ್ಟಿದೆ. ಮನೆಯಿಂದ ದೂರದಲ್ಲಿ ಆರು ತಿಂಗಳು ಇದ್ದು ಮಾಡುವ ಕೆಲಸದ ಮಾತು ಬೇರೆ.

ಸಂರಕ್ಷಣೆಯೆಂದರೆ ತ್ಯಾಗ, ದುಡ್ಡಿನ ಮಾತೆತ್ತಬಾರದು ಎನ್ನುವವರು ಸಲೀಂ ಅಲಿಯವರ ಉದಾಹರಣೆ ಕೊಡುವುದುಂಟು. ಆ ಮಹನೀಯರ ಕಥೆಯೂ ಅರ್ಜಿಗಳ ಕಥೆಯೇ. ವಿಶ್ವವಿದ್ಯಾಲಯದ ಪದವಿ ಇಲ್ಲವೆಂದು ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯಲ್ಲಿ ಪಕ್ಷಿತಜ್ಞರ ಹುದ್ದೆ ಅವರ ಕೈತಪ್ಪಿತು. 1926ರಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ತಿಂಗಳಿಗೆ 350 ರೂಪಾಯಿಯ ಕೆಲಸ ಸಿಕ್ಕಿತು. 1928ರಲ್ಲಿ ಹೆಚ್ಚಿನ ವಿದ್ಯೆಗಾಗಿ ಬರ್ಲಿನ್‌ಗೆ ಹೋಗಿ 1930ರಲ್ಲಿ ಹಿಂದಿರುಗುವ ಹೊತ್ತಿಗೆ ಆ ಹುದ್ದೆಯೇ ರದ್ದಾಗಿತ್ತು! ಅವರು ಎದೆಗುಂದದೆ ಕಿಹಿಮ್ ಎಂಬ ಕಡಲತಡಿಯ ಹಳ್ಳಿಯಲ್ಲಿ ಗೀಜಗನ ಗೂಡುಗಳನ್ನು ನೋಡುತ್ತ ಕುಳಿತರು. ಆಮೇಲೆ ಪ್ರಯಾಣದ ಮತ್ತು ಬಿಡಾರದ ಖರ್ಚು ಕೊಟ್ಟರೆ ಸಾಕು, ಸಂಬಳ ಬೇಡವೆಂದು ಒಪ್ಪಿ, ಸಂಸ್ಥಾನಗಳ ಹಕ್ಕಿಗಳ ಸಮೀಕ್ಷೆ ನಡೆಸಿದರು. ನಮ್ಮ ಮೈಸೂರು ಸಂಸ್ಥಾನವೂ ಅವುಗಳಲ್ಲೊಂದು. ಅವರಿಗೆ ನಮಸ್ಕಾರ. ಆದರೆ ಇದನ್ನೇ ಎಲ್ಲರಿಗೂ ನಿಯಮವಾಗಿಸಿದರೆ ಆಗುವುದೇನು? ಅನುಕೂಲಸ್ಥರ ಮಕ್ಕಳು ಮಾತ್ರ ಕಾಡಿಗೆ ಹೋಗುತ್ತಾರೆ, ಉಳಿದವರ ಮಕ್ಕಳು ಆಸೆಯನ್ನು ಪುಸ್ತಕದೊಳಗೆ ಮಡಿಚಿಟ್ಟು ಬೇರೆ ಕೆಲಸ ಹುಡುಕುತ್ತಾರೆ.

ಕೈಗೆ ಕಾಸು ಬಂದರೆ ಸಂರಕ್ಷಣೆ ಕೆಡುವುದಿಲ್ಲವೆಂಬುದಕ್ಕೆ ನಮ್ಮ ಊರಿನ ಮಗ್ಗುಲಲ್ಲೇ ಸಾಕ್ಷಿಯಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಹಾವಿನ ಚರ್ಮದ ವ್ಯಾಪಾರ ನಿಂತು, ಹಾವು ಹಿಡಿದು ಬದುಕುತ್ತಿದ್ದ ಇರುಳರು ಕಂಗಾಲಾದರು. ಗಿಂಡಿಯ ಹಾವಿನ ಉದ್ಯಾನವನ್ನೂ, 1976ರಲ್ಲಿ ವಡನೆಮ್ಮೇಲಿಯ ಮೊಸಳೆ ಬ್ಯಾಂಕನ್ನೂ ಕಟ್ಟಿದ ರಾಮುಲಸ್ ವಿಟೇಕರ್ ಅವರ ಪ್ರೇರಣೆಯಿಂದ 1978ರಲ್ಲಿ ಇರುಳರದೇ ಸಹಕಾರ ಸಂಘ ಹುಟ್ಟಿತು. ಅದೇ ಹಾವು, ಅದೇ ಕೈ. ಈಗ ನಾಗರ, ಕಟ್ಟುಹಾವು, ಕೊಳಕುಮಂಡಲಗಳ ವಿಷ ತೆಗೆದು ಔಷಧಕ್ಕೆ ಕೊಟ್ಟು, ಹಾವನ್ನು ಮತ್ತೆ ಬಿಟ್ಟುಬಿಡುತ್ತಾರೆ. ಕೂಲಿಯೂ ದಕ್ಕಿತು, ಹಾವೂ ಉಳಿಯಿತು. ಅವರಲ್ಲಿ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರನ್ನು 2017ರಲ್ಲಿ ಹೆಬ್ಬಾವು ಹಿಡಿಯಲು ಅಮೆರಿಕದ ಫ್ಲಾರಿಡಾಕ್ಕೆ ಕರೆಸಿಕೊಂಡರು. 2023ರಲ್ಲಿ ಇಬ್ಬರಿಗೂ ಪದ್ಮಶ್ರೀ ದೊರೆಯಿತು. ಬಲ್ಲವರ ದುಡಿಮೆಗೆ ಬೆಲೆ ಕಟ್ಟುವುದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ.

ಹಾಗಾದರೆ ಸ್ಟೈಪೆಂಡ್ ಸಿಗುವ ಸ್ಥಾನಗಳು ಎಲ್ಲಿವೆ? ಬೆಂಗಳೂರಿನಲ್ಲಿ ಸಿ. ವಿ. ರಾಮನ್ನರು 1934ರಲ್ಲಿ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯೂ, ದೆಹಲಿ ಮತ್ತು ಅಲಹಾಬಾದಿನ ಅಕಾಡೆಮಿಗಳೂ ಕೂಡಿ ವಿದ್ಯಾರ್ಥಿಗಳಿಗೆ ಬೇಸಿಗೆಯ ಸಂಶೋಧನ ಫೆಲೋಶಿಪ್ ನಡೆಸಿಕೊಂಡು ಬಂದಿವೆ. ಎರಡು ತಿಂಗಳು ವಿಜ್ಞಾನಿಯೊಬ್ಬರ ಕೈಕೆಳಗೆ ಕೆಲಸ, ತಿಂಗಳ ಸ್ಟೈಪೆಂಡ್, ರೈಲುಖರ್ಚು. ಜೀವವಿಜ್ಞಾನವೂ ಅದರಲ್ಲಿ ಸೇರಿದೆ. ಡೆಹರಾಡೂನಿನ ವನ್ಯಜೀವಿ ಸಂಸ್ಥೆ, ಕೊಯಮತ್ತೂರಿನ ಸಲೀಂ ಅಲಿ ಕೇಂದ್ರ, ಬೆಂಗಳೂರಿನ ಏಟ್ರೀ, ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಮೊದಲಾದವು ತಮ್ಮ ಯೋಜನೆಗಳಿಗೆ ಜನ ಬೇಕಾದಾಗ ಪ್ರಕಟಣೆ ಹೊರಡಿಸುತ್ತವೆ. ಬೇಸಿಗೆಯ ಕೆಲಸಕ್ಕೆ ಸಾಮಾನ್ಯವಾಗಿ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಅರ್ಜಿ ಕರೆಯುತ್ತಾರೆ. ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎಂದು ಕುಳಿತವರಿಗೆ ರಜೆ ಮಾತ್ರ ಉಳಿಯುತ್ತದೆ.

ಇನ್ನು ಅರ್ಜಿ ಬರೆಯುವ ಬಗೆ. ಸರ್ಕಾರಿ ಕಚೇರಿಯ ಗುಮಾಸ್ತರಾಗಿ ಅರ್ಜಿಗಳ ನಡುವೆಯೇ ಬಾಳುವ ನಾವು ಇದನ್ನು ಸ್ವಲ್ಪ ಅಧಿಕಾರದಿಂದಲೇ ಹೇಳಬಲ್ಲೆವು. ಅರ್ಜಿ ಓದುವವನ ಮುಂದೆ ಒಂದು ಕಟ್ಟೇ ಇರುತ್ತದೆ. "ಚಿಕ್ಕಂದಿನಿಂದಲೂ ನನಗೆ ಪ್ರಾಣಿಗಳೆಂದರೆ ಪ್ರೀತಿ" ಎಂದು ಪ್ರತಿಯೊಬ್ಬರೂ ಬರೆದಿರುತ್ತಾರೆ. ಆ ವಾಕ್ಯವನ್ನು ಅವನು ನೋಡುವುದೂ ಇಲ್ಲ. "ಆರು ತಿಂಗಳಿಂದ ಪ್ರತಿ ಭಾನುವಾರ ಬೆಳಗ್ಗೆ ಒಂದೇ ಕೆರೆಯ ಹಕ್ಕಿಗಳನ್ನು ಎಣಿಸಿದ್ದೇನೆ, ಟಿಪ್ಪಣಿ ಲಗತ್ತಿಸಿದೆ" ಎಂದರೆ ಕಣ್ಣು ನಿಲ್ಲುತ್ತದೆ. ಇದಕ್ಕೆ ದೂರ ಹೋಗಬೇಕಾಗಿಲ್ಲ. ಮಾಂಬಲಂ ನಿಲ್ದಾಣದಲ್ಲಿ ರೈಲು ಹತ್ತಿದರೆ ಎರಡನೆಯದೇ ಗಿಂಡಿ. ಊರ ನಡುವೆ ಕೃಷ್ಣಮೃಗ ಓಡಾಡುವ ರಾಷ್ಟ್ರೀಯ ಉದ್ಯಾನ ಅಲ್ಲಿದೆ. ಪಳ್ಳಿಕರಣೈನ ಜೌಗುಭೂಮಿಯೂ ದೂರವಿಲ್ಲ. ನೋಡಿದ ಹಕ್ಕಿಗಳನ್ನು ಈಬರ್ಡ್ ಎಂಬ ಅಂತರಜಾಲದ ದಾಖಲೆಗೆ ಸೇರಿಸುತ್ತ ಬಂದರೆ ಅದೇ ಒಂದು ಪ್ರಮಾಣಪತ್ರವಾಗುತ್ತದೆ.

ಕೇಳಿದ ಪ್ರಶ್ನೆಗಷ್ಟೇ ಉತ್ತರ ಬರೆಯಬೇಕು. ಒಂದೇ ಪತ್ರವನ್ನು ಹತ್ತು ಸಂಸ್ಥೆಗೆ ಕಳಿಸಿದರೆ ಮೊದಲ ಸಾಲಿನಲ್ಲೇ ತಿಳಿದುಬಿಡುತ್ತದೆ. ಶಿಫಾರಸು ಪತ್ರಕ್ಕೆ ಅಧ್ಯಾಪಕರನ್ನು ಕೊನೆಯ ದಿನದ ಸಂಜೆ ಕೇಳುವುದು ಅವರಿಗೂ ಕಷ್ಟ, ಅರ್ಜಿಗೂ ಕೇಡು. ಎರಡು ವಾರ ಮುಂಚೆ ಕೇಳಬೇಕು. ಈಜು, ವಾಹನ ನಡೆಸುವುದು, ಅಡುಗೆ, ಲೆಕ್ಕದ ಪಟ್ಟಿ ತಯಾರಿಸುವುದು ಇವೆಲ್ಲವೂ ಕಾಡಿನ ಬಿಡಾರದಲ್ಲಿ ವಿದ್ಯೆಗಳೇ. ಇದ್ದರೆ ಬರೆಯಬೇಕು.

ಭಾಷೆಯ ಕಲಮಿನಲ್ಲಿ ನಮ್ಮ ಮಕ್ಕಳಿಗೆ ಇರುವ ಅನುಕೂಲ ಬೇರೆಯವರಿಗಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರೊಡನೆ, ಬಂಡೀಪುರದ ಅಂಚಿನ ರೈತರೊಡನೆ, ತಮಿಳುನಾಡಿನೊಳಗೇ ಇರುವ ತಾಳವಾಡಿಯ ಕನ್ನಡಿಗರೊಡನೆ ಕುಳಿತು ಆನೆ ಬಂದ ಸಂಗತಿ ಕೇಳಬೇಕಾದರೆ ಕನ್ನಡ ಬೇಕು. ಅದರ ಜತೆಗೆ ತಮಿಳೂ ಬರುವ ಹುಡುಗ ಗಡಿಯ ಎರಡು ಮಗ್ಗುಲಿಗೂ ಸಲ್ಲುತ್ತಾನೆ. ಆದರೆ ಇಲ್ಲಿ ಹುಟ್ಟಿದ ಎಷ್ಟೋ ಮಕ್ಕಳಿಗೆ ಕನ್ನಡ ಬಾಯಲ್ಲಿದೆ, ಕಣ್ಣಿಗೆ ಇಲ್ಲ. ಕರ್ನಾಟಕದ ಪಂಚಾಯಿತಿಯ ಕಾಗದ ಓದಲು ಅಕ್ಷರ ಬರಬೇಕು. ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ಕೂರಿಸಿ ಓದಿಸಿದರೆ ಸಾಕು.

ತಂದೆತಾಯಿಗಳಿಗೂ ಒಂದೆರಡು ಮಾತು. ಸ್ಟೈಪೆಂಡ್ ಎಷ್ಟು, ತಿಂಗಳು ತಿಂಗಳೂ ಕೊಡುತ್ತಾರೋ ಕೊನೆಗೋ, ಊಟ ವಸತಿ ಯಾರದು, ಹೆಣ್ಣುಮಕ್ಕಳ ವಸತಿ ಹೇಗಿದೆ, ಕಾಯಿಲೆ ಅಪಘಾತಗಳಿಗೆ ವಿಮೆ ಇದೆಯೇ, ಅರಣ್ಯ ಇಲಾಖೆಯ ಅನುಮತಿ ಪಡೆದಿದ್ದಾರೆಯೇ, ಇವನ್ನು ಮರ್ಯಾದೆಯಿಂದ ಕೇಳಿ, ಉತ್ತರವನ್ನು ಬರಹದಲ್ಲಿ ತರಿಸಿಕೊಳ್ಳಿ. ಒಳ್ಳೆಯ ಸಂಸ್ಥೆ ಇದಕ್ಕೆ ಬೇಸರಿಸುವುದಿಲ್ಲ. ಕೆಲಸ ಕೊಡುತ್ತೇವೆಂದು ಮೊದಲೇ ಹಣ ಕೇಳುವವರಿಂದ ದೂರವಿರುವುದು ಲೇಸು. ಸ್ಟೈಪೆಂಡ್ ಸಿಕ್ಕರೂ ಅದು ಮನೆಗೆ ಹಣ ಕಳಿಸುವಷ್ಟಿರಲಾರದು. ಮಗು ತನ್ನ ಖರ್ಚನ್ನು ತಾನು ನೋಡಿಕೊಂಡರೆ ಅದೇ ದೊಡ್ಡದೆಂದು ತಿಳಿಯಬೇಕು.

ಮೊದಲ ಅರ್ಜಿಗೇ ಉತ್ತರ ಬರುವುದು ಅಪರೂಪ. ಬಾರದಿದ್ದರೆ ಎರಡನೆಯದನ್ನು ಬರೆಯಲು ಹೇಳಿ. ಈ ಸಂಚಿಕೆ ಕೈಸೇರಿದ ವಾರದಲ್ಲೇ ಮಗುವಿಗೊಂದು ಟಿಪ್ಪಣಿ ಪುಸ್ತಕ ಕೊಡಿಸಿ, ಭಾನುವಾರ ಬೆಳಗ್ಗೆ ಗಿಂಡಿಗೆ ನೀವೂ ಜತೆಯಲ್ಲಿ ಹೋಗಿಬನ್ನಿ. ಖರ್ಚು ರೈಲಿನ ಟಿಕೆಟ್ಟು ಮತ್ತು ಪ್ರವೇಶದ ಚೀಟಿ, ಅಷ್ಟೆ.