ಮೊದಲ ಗುಟುಕು ಕರುವಿನದು

ಲಕ್ಷ್ಮೇಶ್ವರ ತಾಲೂಕಿನ ಅಡರಕಟ್ಟಿಯಂಥ ಒಕ್ಕಲುತನದ ಊರುಗಳಲ್ಲಿ ಆಕಳು ಈದರೆ ಮನೆಮಂದಿಗೆಲ್ಲ ಹಿಗ್ಗು. ಬೆಲ್ಲ, ಏಲಕ್ಕಿ ಬೆರೆಸಿ ಕಾಸಿದ ಗಿಣ್ಣದ ಬಟ್ಟಲು ನೆರೆಮನೆಗೂ ಹೋಗುತ್ತದೆ. ಆದರೆ ಆ ಹಾಲಿನ ಮೊದಲ ಹಕ್ಕುದಾರರು ಯಾರೆಂಬುದನ್ನು ನಾವು ಕೊಂಚ ವಿಚಾರಿಸಬೇಕಾಗಿದೆ.

ಮರಿಗಳನ್ನು ಸಲಹುವ ರೀತಿ ಸೃಷ್ಟಿಯಲ್ಲಿ ಒಂದೇ ತೆರನಾಗಿಲ್ಲ. 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದ ನಮ್ಮ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಮರಿ ಮಾಡುವುದು ದೂರದ ಮಧ್ಯ ಏಷ್ಯಾದಲ್ಲಿ. ಅವುಗಳ ಮರಿಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತಾವೇ ಮೇಯುತ್ತವೆ. ಹೆತ್ತವರದು ಕಾವಲಿನ ಕೆಲಸ. ಗುಡಿಯ ಮಾಡಿನಲ್ಲಿರುವ ಪಾರಿವಾಳಗಳಲ್ಲಿ ಗಂಡು ಹೆಣ್ಣುಗಳೆರಡೂ ಗಂಟಲ ಚೀಲದಲ್ಲಿ ಸ್ರವಿಸುವ ಹಾಲಿನಂಥ ಆಹಾರವನ್ನು ಮರಿಗಳಿಗೆ ಉಣಿಸುತ್ತವೆ. ಎರೆಹೊಲದ ಚಿಗರಿ ತನ್ನ ಎಳೆಮರಿಯನ್ನು ಹುಲ್ಲಿನಲ್ಲಿ ಅಡಗಿಸಿಟ್ಟು, ಆಗಾಗ ಬಂದು ಮೊಲೆಯೂಡಿಸುತ್ತದೆ. 2019ರಲ್ಲಿ ವನ್ಯಜೀವಿಧಾಮವಾದ ಕಪ್ಪತಗುಡ್ಡದ ತೋಳಗಳು ಹಾಲಿನ ನಂತರ ಅರೆಜೀರ್ಣವಾದ ಮಾಂಸವನ್ನು ಕಕ್ಕಿ ಉಣಿಸುತ್ತವೆ. ಈ ಕಾರ್ಯದಲ್ಲಿ ಹಿಂಡಿನ ಇತರ ತೋಳಗಳೂ ನೆರವಾಗುತ್ತವೆ.

ಇನ್ನು ಆಕಳ ವಿಷಯ. ಮಾನವ ಶಿಶುವಿಗೆ ತಾಯಿಯ ರೋಗನಿರೋಧಕ ಶಕ್ತಿ ಗರ್ಭದಲ್ಲಿಯೇ ಬಹುಮಟ್ಟಿಗೆ ದೊರೆಯುತ್ತದೆ. ಕರುವಿಗೆ ಹಾಗಲ್ಲ, ಅದು ಗಿಣ್ಣದ ಹಾಲಿನಿಂದಲೇ ದೊರೆಯಬೇಕು. ಆ ಶಕ್ತಿಯನ್ನು ಹೀರಿಕೊಳ್ಳುವ ಗುಣ ಕರುವಿನ ಕರುಳಿಗೆ ಸುಮಾರು 24 ಗಂಟೆ ಮಾತ್ರ ಇದ್ದು, ಗಂಟೆ ಗಂಟೆಗೂ ಕುಂದುತ್ತದೆ. ಆದುದರಿಂದ ಹುಟ್ಟಿದ 2 ಗಂಟೆಯೊಳಗೆ ಮೊದಲ ಹಾಲು ಕುಡಿಸಬೇಕು. ದೇಹತೂಕದ ಹತ್ತನೆಯ ಒಂದು ಪಾಲು, ಅಂದರೆ 25 ಕಿಲೋ ತೂಗುವ ಕರುವಿಗೆ ಎರಡೂವರೆ ಲೀಟರು, ಮೊದಲ ದಿನದಲ್ಲಿ ಸಲ್ಲಬೇಕು.

ಮಾಸು ಬೀಳುವ ತನಕ ಕರುವನ್ನು ಬಿಡಬಾರದೆಂಬ ನಂಬಿಕೆ ಹಲವೆಡೆ ಉಂಟು. ವಾಸ್ತವವಾಗಿ ಕರು ಚೀಪುವುದರಿಂದಲೇ ಗರ್ಭಕೋಶ ಸಂಕುಚಿತಗೊಂಡು ಮಾಸು ಬೀಳಲು ಸಹಾಯವಾಗುತ್ತದೆ. ಕಾಯುತ್ತ ಕುಳಿತರೆ ಕರು ಭೇದಿಗೋ ಕೆಮ್ಮಿಗೋ ತುತ್ತಾದೀತು.

ಇದೇ ಬಗೆಯ ತಪ್ಪು ತೊಟ್ಟಿಲ ಬಳಿಯಲ್ಲಿಯೂ ನಡೆಯುವುದುಂಟು. ಬಾಣಂತಿಯ ಹಳದಿ ಬಣ್ಣದ ಮೊದಲ ಹಾಲನ್ನು ಹಿಂಡಿ ಚೆಲ್ಲಿ, ಕೂಸಿಗೆ ಜೇನು, ಸಕ್ಕರೆ ನೀರು ನೆಕ್ಕಿಸುವವರಿದ್ದಾರೆ. ಹೆರಿಗೆಯಾದ ಒಂದು ಗಂಟೆಯೊಳಗೆ ಎದೆಹಾಲು, 6 ತಿಂಗಳು ಎದೆಹಾಲೊಂದೇ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮನೆಯ ಹಿರಿಯ ತಾಯಂದಿರು ಇದನ್ನು ಮನಗಂಡರೆ ಸೊಸೆಗೂ ಧೈರ್ಯ, ಕೂಸಿಗೂ ಕ್ಷೇಮ.

ಗಿಣ್ಣ ಬೇಡವೆಂದು ನಾವು ಹೇಳುವುದಿಲ್ಲ. ಮೂಕಪ್ರಾಣಿಯ ಪಾಲು ಮೊದಲು ಅದಕ್ಕೆ ಸಲ್ಲಲಿ. ಕರು ತೃಪ್ತಿಯಾಗಿ ಕುಡಿದು ಮಿಕ್ಕಿದ್ದನ್ನು ಪ್ರಸಾದವೆಂದು ಸ್ವೀಕರಿಸೋಣ.